ಹತ್ತು ಬೆರಳು, ನಲವತ್ತು ಪುಟ

ಮಕ್ಕಳ ಬುದ್ಧಿಶಕ್ತಿಯನ್ನು ಪರೀಕ್ಷಿಸಿ ವರದಿ ಕೊಡುವ ಕೆಲಸವನ್ನು ಮುಂಬಯಿಯಲ್ಲಿ ಆಸ್ಪತ್ರೆಗಳೂ ಕೆಲವು ಶಾಲೆಗಳೂ ಮಾಡುತ್ತವೆ. ಆದರೆ ಮಧ್ಯಮವರ್ಗದ ತಂದೆತಾಯಿಗೆ ಮೊದಲು ಎದುರಾಗುವುದು ಕ್ಲಾಸಿನವರ ಪರೀಕ್ಷೆ. ಠಾಣೆ, ಡೊಂಬಿವಲಿ, ಮುಲುಂಡ್, ಬೊರಿವಲಿ, ವಾಶಿ, ಯಾವ ಉಪನಗರವಾದರೂ ಸರಿ, ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಕೆಳಗೆ ಫರಸಾಣ್ ಅಂಗಡಿಯೋ ಮೆಡಿಕಲ್ ಸ್ಟೋರೋ ಇರುವ ಕಟ್ಟಡದ ಮೊದಲ ಮಹಡಿಯಲ್ಲಿ ಇಂಥದೊಂದು ಕೇಂದ್ರ ಇರುತ್ತದೆ. ಅಬಾಕಸ್, ವೇದಿಕ್ ಗಣಿತ, ಫೋನಿಕ್ಸ್, ಕೈಬರಹ, ರೋಬೊಟಿಕ್ಸ್ ಎಂಬ ಬೋರ್ಡುಗಳ ಸಾಲಿನ ಕೊನೆಗೆ ‘ಬ್ರೈನ್ ಅಸೆಸ್‌ಮೆಂಟ್’. ಹೌಸಿಂಗ್ ಸೊಸೈಟಿಯ ಗಣೇಶೋತ್ಸವದಲ್ಲಿ ಮೂಲೆಗೊಂದು ಟೇಬಲ್ ಹಾಕಿ ಕರಪತ್ರ ಹಂಚುವವರೂ ಇವರೇ, ಶಾಲೆಯ ಪೇರೆಂಟ್ಸ್ ಮೀಟಿಂಗಿಗೆ ತಜ್ಞರೆಂದು ಬಂದು ಭಾಷಣ ಮಾಡುವವರೂ ಇವರೇ.

ಪರೀಕ್ಷೆಯ ಕ್ರಮದಲ್ಲಿ ಕೇಂದ್ರದಿಂದ ಕೇಂದ್ರಕ್ಕೆ ಅಂಥ ವ್ಯತ್ಯಾಸವಿಲ್ಲ. ಮಗುವನ್ನು ಒಳಗೆ ಕರೆದುಕೊಂಡು ಹೋಗುತ್ತಾರೆ. ಹೊರಗೆ ಕೂತ ತಾಯಿಯ ಕೈಗೆ ಒಂದು ಫಾರ್ಮು ಬರುತ್ತದೆ. ಮಗು ಹಟ ಮಾಡುತ್ತದೆಯೇ, ಓದುವಾಗ ಮನಸ್ಸು ಬೇರೆಡೆ ಹೋಗುತ್ತದೆಯೇ, ಮೊಬೈಲ್ ಹೆಚ್ಚು ನೋಡುತ್ತದೆಯೇ ಎಂಬ ಪ್ರಶ್ನೆಗಳು. ಎಲ್ಲಕ್ಕೂ ‘ಹೌದು’ ಎಂದು ಗುರುತು ಹಾಕದ ತಾಯಿ ಅಪರೂಪ. ಒಂದು ವಾರದ ನಂತರ ಬಣ್ಣದ ನಕ್ಷೆಗಳಿರುವ ನಲವತ್ತು ಪುಟದ ರಿಪೋರ್ಟು ಸಿದ್ಧ, ಜೊತೆಗೆ ಕೌನ್ಸೆಲಿಂಗ್. ಕೌನ್ಸೆಲರ್ ಮೊದಲು ಹೊಗಳುತ್ತಾರೆ. “ಮೇಡಂ, ಹುಡುಗ ತುಂಬಾ ಬ್ರೈಟ್ ಇದ್ದಾನೆ. ಆದರೆ ಪೊಟೆನ್ಶಿಯಲ್ ಪೂರ್ತಿ ಯೂಸ್ ಆಗ್ತಾ ಇಲ್ಲ.” ಯಾವ ಮಗುವಿನ ಬಗ್ಗೆ ಹೇಳಿದರೂ ಈ ಮಾತು ಸುಳ್ಳಾಗುವುದಿಲ್ಲ, ಅದರ ಅಪ್ಪನ ಬಗ್ಗೆ ಹೇಳಿದರೂ ಸುಳ್ಳಾಗದು. ‘ಆದರೆ’ಯ ನಂತರ ಪ್ಯಾಕೇಜು ಬರುತ್ತದೆ: ಮೂರು ತಿಂಗಳದ್ದು, ಆರು ತಿಂಗಳದ್ದು, ಕಂತಿನಲ್ಲಿ ಕಟ್ಟಬಹುದಾದದ್ದು. ಪರೀಕ್ಷೆಗೆ ತೆತ್ತ ಹಣವನ್ನು ಪ್ಯಾಕೇಜಿನಲ್ಲಿ ಮುರಿದುಕೊಳ್ಳುವ ಔದಾರ್ಯವೂ ಉಂಟು.

ಈ ವ್ಯಾಪಾರಕ್ಕೆ ಮುಂಬಯಿಯ ನೆಲ ಮೊದಲೇ ಹದವಾಗಿತ್ತು. ಶಾಲೆಯ ಜೊತೆಗೆ ಕ್ಲಾಸು ಎಂಬುದು ಇಲ್ಲಿ ಎರಡು ಮೂರು ತಲೆಮಾರಿನ ಅಭ್ಯಾಸ. ಮಹೇಶ್ ಶೆಟ್ಟಿಯವರು 1988ರಲ್ಲಿ ಆರಂಭಿಸಿದ ಮಹೇಶ್ ಟ್ಯುಟೋರಿಯಲ್ಸ್ ಬೆಳೆದು 2012ರಲ್ಲಿ ಶೇರುಪೇಟೆಗೇ ಹೋಯಿತು. ಅಂಥ ಕ್ಲಾಸುಗಳು ಮಾರುತ್ತಿದ್ದುದು ಪಾಠವನ್ನು. ಬೋರ್ಡ್ ಪರೀಕ್ಷೆಯ ಅಂಕ ಬಂದಾಗ ಪಾಠದ ಬೆಲೆ ಬಯಲಾಗುತ್ತಿತ್ತು. ‘ಬುದ್ಧಿಮತ್ತೆ’ ಎಂಬ ವಿಷಯವೂ ಮಹಾರಾಷ್ಟ್ರದ ಮನೆಗಳಿಗೆ ಹೊಸತಲ್ಲ. ಪುಣೆಯ ರಾಜ್ಯ ಪರೀಕ್ಷಾ ಪರಿಷತ್ತು ನಡೆಸುವ ಸ್ಕಾಲರ್‌ಶಿಪ್ ಪರೀಕ್ಷೆಯಲ್ಲಿ ಭಾಷೆ, ಗಣಿತದ ಜೊತೆಗೆ ಬುದ್ಧಿಮತ್ತೆಯ ಪ್ರಶ್ನೆಗಳೂ ಇರುತ್ತವೆ. ಮೊದಲು ನಾಲ್ಕನೇ ಮತ್ತು ಏಳನೇ ತರಗತಿಗೆ ಇದ್ದ ಈ ಪರೀಕ್ಷೆ ಆಮೇಲೆ ಐದು ಮತ್ತು ಎಂಟಕ್ಕೆ ಹೋಗಿತ್ತು. ಕನ್ನಡ ಮಾಧ್ಯಮದ ಮಕ್ಕಳೂ ಬರೆಯುತ್ತಾರೆ. ಸಂಖ್ಯೆಗಳ ಸರಣಿಯಲ್ಲಿ ಮುಂದಿನದು ಯಾವುದು, ಗುಂಪಿಗೆ ಸೇರದ ಚಿತ್ರ ಯಾವುದು ಎಂದು ಗೈಡ್ ಹಿಡಿದು ಉರು ಹೊಡೆಸಿದ ತಂದೆತಾಯಿಗೆ ಬುದ್ಧಿಯೂ ತಯಾರಿಯಿಂದ ಬರುವ ಅಂಕ ಎಂದು ತೋರಿದ್ದರಲ್ಲಿ ಆಶ್ಚರ್ಯವಿಲ್ಲ.

ಕೇಂದ್ರಗಳು ಮಾರುವ ಪರೀಕ್ಷೆಗಳಲ್ಲಿ ಹೆಚ್ಚು ಸದ್ದು ಮಾಡಿದ್ದು ಬೆರಳಚ್ಚಿನದು. ಅದರ ಹೆಸರು ಡರ್ಮಟೋಗ್ಲಿಫಿಕ್ಸ್ ಮಲ್ಟಿಪಲ್ ಇಂಟೆಲಿಜೆನ್ಸ್ ಟೆಸ್ಟ್. ಎಲ್ಲರೂ ಕರೆಯುವುದು ಡಿಎಂಐಟಿ ಎಂದು. ಸ್ಕ್ಯಾನರಿನ ಮೇಲೆ ಮಗುವಿನ ಹತ್ತು ಬೆರಳು ಒತ್ತಿಸುತ್ತಾರೆ, ಬೆರಳ ಗೆರೆಗಳನ್ನು ಸಾಫ್ಟ್‌ವೇರ್ ಎಣಿಸುತ್ತದೆ, ಮಗುವಿನ ತರ್ಕಶಕ್ತಿ ಶೇಕಡಾ ಇಷ್ಟು, ಸಂಗೀತಶಕ್ತಿ ಶೇಕಡಾ ಇಷ್ಟು, ಎಡಮೆದುಳು ಇಷ್ಟು, ಬಲಮೆದುಳು ಇಷ್ಟು ಎಂದು ಹೇಳಿಬಿಡುತ್ತದೆ. ಮಗು ಒಂದು ಪ್ರಶ್ನೆಗೂ ಉತ್ತರಿಸಬೇಕಾಗಿಲ್ಲ. ಆದ್ದರಿಂದ ಎರಡು ವರ್ಷದ ಕೂಸಿಗೂ ಮಾಡಬಹುದು, ಮಲಗಿದ್ದರೂ ಮಾಡಬಹುದು. ಬೆಲೆ ಕೆಲವು ಸಾವಿರ ರೂಪಾಯಿ. ಮುಂದೆ ಡಾಕ್ಟರ್ ಆಗಬೇಕೋ ನೃತ್ಯಗಾರ್ತಿ ಆಗಬೇಕೋ ಎಂಬ ಪಟ್ಟಿಯೂ ಅದೇ ಬೆಲೆಗೆ ಸಿಗುತ್ತದೆ.

ಈ ವಾದದ ಒಂದೊಂದು ತುಂಡೂ ನಿಜದ ನೆಂಟನೇ. ಬೆರಳ ಗೆರೆಗಳು ಗರ್ಭದ ಹತ್ತನೆಯ ವಾರದ ಸುಮಾರಿಗೆ ಮೂಡತೊಡಗಿ ಆರನೇ ತಿಂಗಳೊಳಗೆ ನೆಲೆಯಾಗುತ್ತವೆ; ಮೆದುಳು ರೂಪುಗೊಳ್ಳುವುದೂ ಆ ದಿನಗಳಲ್ಲೇ. ಅಂಗೈ ಮತ್ತು ಬೆರಳ ಗೆರೆಗಳ ಅಧ್ಯಯನಕ್ಕೆ ಅಮೆರಿಕದ ಹೆರಾಲ್ಡ್ ಕಮಿನ್ಸ್ 1926ರಲ್ಲಿ ಹೆಸರಿಟ್ಟದ್ದೂ, ಡೌನ್ ಸಿಂಡ್ರೋಮಿನಂಥ ವರ್ಣತಂತು ದೋಷವಿರುವ ಮಕ್ಕಳಲ್ಲಿ ಕೆಲವು ಬಗೆಯ ಗೆರೆಗಳು ಹೆಚ್ಚಾಗಿ ಕಾಣುವುದೂ ನಿಜ. ಹಾರ್ವರ್ಡಿನ ಹೊವಾರ್ಡ್ ಗಾರ್ಡನರ್ 1983ರಲ್ಲಿ ಬುದ್ಧಿ ಒಂದಲ್ಲ, ಹಲವು ಎಂದು ವಾದಿಸಿದ್ದೂ ನಿಜ. ಆದರೆ ಗಾರ್ಡನರ್ ಅವರ ಸಿದ್ಧಾಂತದಲ್ಲಿ ಬೆರಳಿಗೆ ಜಾಗವಿಲ್ಲ, ಶೇಕಡಾವಾರು ಹಂಚಿಕೆಗೂ ಇಲ್ಲ. ವರ್ಣತಂತುವಿನ ಒಂದು ದೊಡ್ಡ ದೋಷ ಗೆರೆಯಲ್ಲಿ ಕಂಡಿತೆಂದು, ಆರೋಗ್ಯವಂತ ಮಗು ಭಾಗಾಕಾರದಲ್ಲಿ ಜಾಣನೋ ಬಣ್ಣದಲ್ಲಿ ಜಾಣನೋ ಎಂಬುದೂ ಅಲ್ಲಿ ಕಾಣಬೇಕೆಂದಿಲ್ಲ. ಗೆರೆಗೂ ಬುದ್ಧಿಗೂ ನಡುವೆ ಸೇತುವೆ ಕಟ್ಟಿದ್ದು ಸಂಶೋಧನೆಯಲ್ಲ, ಮಾರಾಟ ವಿಭಾಗ.

ಆ ಸೇತುವೆ ಇದೆಯೇ ಎಂದು ಹುಡುಕಿದವರು ಇಲ್ಲದಿಲ್ಲ. ಹುಡುಕಾಟ 130 ವರ್ಷಕ್ಕೂ ಹಳೆಯದು. ಹೂಗ್ಲಿ ಕಡೆಯ ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷೆಲ್ 1858ರಿಂದ ಕರಾರುಪತ್ರಗಳಿಗೆ ಕೈಯ ಅಚ್ಚು ಹಾಕಿಸುತ್ತಿದ್ದರು. ಅವರು ಕೂಡಿಟ್ಟ ಸಾಮಗ್ರಿಯನ್ನೂ ಬಳಸಿಕೊಂಡು ಫ್ರಾನ್ಸಿಸ್ ಗಾಲ್ಟನ್ 1892ರಲ್ಲಿ ಬೆರಳಚ್ಚುಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ಬುದ್ಧಿ ವಂಶದಿಂದ ಬರುತ್ತದೆ, ಅದನ್ನು ಅಳೆಯಬಹುದು ಎಂದು ಗಾಢವಾಗಿ ನಂಬಿದ್ದ ಮನುಷ್ಯ ಗಾಲ್ಟನ್. ಗೆರೆಗೂ ಬುದ್ಧಿಗೂ ಸಂಬಂಧ ಸಿಕ್ಕಿದ್ದರೆ ಅವರಷ್ಟು ಸಂತೋಷಪಡುವವರು ಇನ್ನೊಬ್ಬರಿರಲಿಲ್ಲ. ಮೇಧಾವಿಗಳ ಅಚ್ಚನ್ನೂ ಹುಟ್ಟಿನಿಂದ ಬುದ್ಧಿ ಬೆಳೆಯದವರ ಅಚ್ಚನ್ನೂ ಹೋಲಿಸಿ ನೋಡಿದರು. ವ್ಯತ್ಯಾಸ ಸಿಗಲಿಲ್ಲ, ಸಿಗಲಿಲ್ಲವೆಂದು ಬರೆದರು. ಭಾರತೀಯ ಮನೋವೈದ್ಯರ ಸಂಘ 2019ರಲ್ಲಿ ಡಿಎಂಐಟಿಗೆ ವೈಜ್ಞಾನಿಕ ಆಧಾರವಿಲ್ಲವೆಂದು ಅಧಿಕೃತವಾಗಿ ಹೇಳಿಕೆ ಕೊಟ್ಟಾಗ, ಗಾಲ್ಟನ್ ಮುಗಿಸಿದ್ದ ಕೆಲಸವನ್ನೇ ಇನ್ನೊಮ್ಮೆ ಮುಗಿಸಿದಂತಾಯಿತು.

ಆದರೂ ರಿಪೋರ್ಟು ಓದಿದವರು “ನಮ್ಮ ಮಗಳ ಬಗ್ಗೆ ಇದ್ದ ಹಾಗೇ ಬರೆದಿದ್ದಾರೆ” ಎನ್ನುತ್ತಾರೆ. ಇದಕ್ಕೂ ಹಳೆಯ ವಿವರಣೆಯೊಂದಿದೆ. 1948ರಲ್ಲಿ ಬರ್ಟ್ರಂ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಿ, ಒಬ್ಬೊಬ್ಬರಿಗೂ ಅವರದೇ ಎಂದು ಒಂದು ವಿವರಣೆ ಕೊಟ್ಟ. ನಿಮಗೆ ಎಷ್ಟು ಹೊಂದುತ್ತದೆ ಎಂದು ಐದರಲ್ಲಿ ಅಂಕ ಕೊಡಲು ಹೇಳಿದ. ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟಿದ್ದ ವಿವರಣೆ ಒಂದೇ. ಅದರ ವಾಕ್ಯಗಳನ್ನು ಆತ ಆರಿಸಿದ್ದು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕದಿಂದ. ‘ಹೊರಗೆ ಧೈರ್ಯವಾಗಿ ಕಂಡರೂ ಒಳಗೆ ಮೃದು’, ‘ಆಸಕ್ತಿ ಬಂದರೆ ಬಿಡದೆ ಕಲಿಯುತ್ತಾನೆ’ ಎಂಬ ಜಾತಿಯ ಮಾತುಗಳು ಮುಂಬಯಿಯ ಲೋಕಲಿನಲ್ಲಿ ಒಂದು ಡಬ್ಬಿಯ ಜನಕ್ಕೆಲ್ಲ ಒಪ್ಪುತ್ತವೆ. ಡಿಎಂಐಟಿ ರಿಪೋರ್ಟು ಜಾತಕದ ತಮ್ಮ. ಹೊಂದಿಸಲು ಹುಟ್ಟಿದ ಗಳಿಗೆ ಬೇಡ, ಬೆರಳು ಸಾಕು ಎಂಬುದಷ್ಟೇ ಅದರ ಅನುಕೂಲ. ಜಾತಕಕ್ಕೆ ನಗುವ ಮನೆಗಳಲ್ಲೂ ಇದಕ್ಕೆ ಮರ್ಯಾದೆ ಇರುವುದು ಸ್ಕ್ಯಾನರಿನ ದೆಸೆಯಿಂದ.

ಮಿಡ್‌ಬ್ರೈನ್ ಆಕ್ಟಿವೇಶನ್ ಎಂಬ ಇನ್ನೊಂದು ಸರಕಿದೆ. ಕಣ್ಣಿಗೆ ಬಟ್ಟೆ ಕಟ್ಟಿದ ಮಗು ಪುಸ್ತಕ ಓದುತ್ತದೆ, ಬಣ್ಣ ಗುರುತಿಸುತ್ತದೆ. ಮಧ್ಯಮೆದುಳು ಜಾಗೃತವಾದದ್ದರ ಫಲ ಎನ್ನುತ್ತಾರೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದರ ಬಗ್ಗೆ ಊರೂರಿನಲ್ಲಿ ಸವಾಲು ಹಾಕಿದರು. ಮೂಗಿನ ಪಕ್ಕದ ಸಂದು ಮುಚ್ಚುವ ಹಾಗೆ ಬಟ್ಟೆ ಕಟ್ಟಿದರೆ ಓದು ನಿಲ್ಲುತ್ತದೆ. ಮಧ್ಯಮೆದುಳು ಕಣ್ಣಿನ ಚಲನೆಯನ್ನೂ ಕಿವಿಯ ಸಂಕೇತಗಳನ್ನೂ ನೋಡಿಕೊಳ್ಳುವ ಭಾಗ. ಉಸಿರಾಡುವ ಎಲ್ಲರಲ್ಲೂ ಅದು ಆಗಲೇ ಕೆಲಸ ಮಾಡುತ್ತಿರುತ್ತದೆ. ಇದರಲ್ಲಿ ಕಳವಳದ ಸಂಗತಿ ಹಣವಲ್ಲ. ಸಂದಿಯಿಂದ ನೋಡಿ ಓದಿದ ಮಗುವಿಗೆ ತಾನು ನೋಡಿದ್ದು ಗೊತ್ತಿರುತ್ತದೆ. ಚಪ್ಪಾಳೆ ತಟ್ಟುವ ಅಪ್ಪ ಅಮ್ಮನ ಎದುರು ಅದು ಮಾತನ್ನು ನುಂಗಿಕೊಳ್ಳಲು ಕಲಿಯುತ್ತದೆ.

ಮೂರನೆಯ ಬಗೆ ಇವೆರಡಕ್ಕಿಂತ ಗಂಭೀರ. ಮಗುವನ್ನು ಕಂಪ್ಯೂಟರಿನ ಮುಂದೆ ಕೂರಿಸಿ ನೆನಪು, ಗಮನ, ವೇಗ, ತರ್ಕ ಎಂದು ತುಂಡುತುಂಡಾಗಿ ಪರೀಕ್ಷಿಸುತ್ತಾರೆ. ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು, ಚಿತ್ರದ ಬಿಟ್ಟ ತುಂಡು ಹುಡುಕುವುದು, ಕಾಣುತ್ತಲೇ ಒತ್ತುವುದು. ಇವುಗಳಲ್ಲಿ ಕೆಲವು ಮನಶ್ಶಾಸ್ತ್ರದ ನಿಜವಾದ ಪರೀಕ್ಷೆಗಳ ಮಾದರಿಯಲ್ಲೇ ಇವೆ. ಹಾಗಾಗಿ ಇದನ್ನು ತೂಗಿ ನೋಡಬೇಕಾದರೆ ನಿಜವಾದ ಪರೀಕ್ಷೆ ಹೇಗಿರುತ್ತದೆಂದು ತಿಳಿದಿರಬೇಕು. ಆ ಕಥೆಯಲ್ಲಿ ಕನ್ನಡದ ಪಾಲು ಸಣ್ಣದಲ್ಲ.

ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ 1905ರಲ್ಲಿ ಪ್ಯಾರಿಸಿನಲ್ಲಿ ಮೊದಲ ಬುದ್ಧಿಮಾಪಕವನ್ನು ಮಾಡಿದ್ದು ಜಾಣರನ್ನು ಆರಿಸಲಿಕ್ಕಲ್ಲ. ಶಾಲೆಯಲ್ಲಿ ಹಿಂದೆ ಬೀಳುವ ಮಕ್ಕಳಲ್ಲಿ ಯಾರಿಗೆ ಬೇರೆ ರೀತಿಯ ಪಾಠ ಬೇಕು ಎಂದು ಕಂಡುಹಿಡಿಯಲು. ಅಮೆರಿಕದ ಲೂಯಿಸ್ ಟರ್ಮನ್ 1916ರಲ್ಲಿ ಅದನ್ನು ಹಿಗ್ಗಿಸಿ ಸ್ಟ್ಯಾನ್‌ಫರ್ಡ್-ಬಿನೆ ಮಾಡಿದ. ಅದು ಭಾರತಕ್ಕೆ ಬಂದಾಗ ಅನುವಾದ ಮಾಡಿದರೆ ಸಾಲದೆಂಬುದು ಬೇಗ ತಿಳಿಯಿತು: ನಾಲ್ಕು ಅಮೆರಿಕನ್ ನಾಣ್ಯಗಳ ಹೆಸರು ಹೇಳು ಎಂಬ ಪ್ರಶ್ನೆಯಿಂದ ಭಾರತದ ಮಗುವಿನ ಬುದ್ಧಿ ತಿಳಿಯುವುದಿಲ್ಲ. ಮೈಸೂರಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಗಿತ್ತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ, ಬುದ್ಧಿಶಕ್ತಿಯ ಲೆಕ್ಕಾಚಾರಕ್ಕೆ ಹೆಸರಾದ ಸ್ಪಿಯರ್‌ಮನ್ ಅವರ ಬಳಿ ಲಂಡನ್ನಿನಲ್ಲಿ ಕಲಿತು ಬಂದವರು. 1935ರಲ್ಲಿ ಅವರು ಮೈಸೂರಿನ ತಮ್ಮ ಮನೆಯಿಂದ ರೇಡಿಯೊ ಪ್ರಸಾರ ಶುರುಮಾಡಿದ್ದರಿಂದ ಕನ್ನಡಿಗರಿಗೆ ಆಕಾಶವಾಣಿಯ ಗೋಪಾಲಸ್ವಾಮಿಯಾಗಿಯೇ ಉಳಿದುಬಿಟ್ಟರು. ಮನಶ್ಶಾಸ್ತ್ರ ಹಿಂದೆ ಸರಿಯಿತು.

ಮುಂಬಯಿಗೆ ಹೆಚ್ಚು ಹತ್ತಿರದ್ದು ಧಾರವಾಡದ ಕೆಲಸ. ಧಾರವಾಡ ಆಗ ಮುಂಬಯಿ ಪ್ರಾಂತದಲ್ಲೇ ಇತ್ತು. ಅಲ್ಲಿ ವಿ. ವಿ. ಕಾಮತ್ 1930ರ ದಶಕದಲ್ಲಿ ಸ್ಟ್ಯಾನ್‌ಫರ್ಡ್-ಬಿನೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ಬದಲಿಸಿದರು. ಬದಲಿಸುವುದೆಂದರೆ ಮೇಜಿನ ಮುಂದೆ ಕೂತು ಮಾಡುವ ಕೆಲಸವಲ್ಲ. ಒಂದು ಪ್ರಶ್ನೆ ಆರು ವರ್ಷದವರದೋ ಏಳು ವರ್ಷದವರದೋ ಎಂದು ತೀರ್ಮಾನಿಸಬೇಕಾದರೆ ಆ ಆ ವಯಸ್ಸಿನ ಬಹಳಷ್ಟು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಕೇಳಬೇಕು. ಬಹುಪಾಲು ಮಕ್ಕಳು ಯಾವ ವಯಸ್ಸಿಗೆ ಸರಿಯಾಗಿ ಹೇಳುತ್ತಾರೋ ಅದೇ ಅದರ ಸ್ಥಾನ. ಈ ಕೆಲಸದ ವಿವರ ಆಕ್ಸ್‌ಫರ್ಡ್ ಪ್ರೆಸ್ ಪ್ರಕಟಿಸಿದ ಕಾಮತರ ಪುಸ್ತಕದಲ್ಲಿದೆ. ಬಿನೆ-ಕಾಮತ್ ಪರೀಕ್ಷೆ, ಆಸ್ಪತ್ರೆಯ ಮಾತಿನಲ್ಲಿ ಬಿಕೆಟಿ, ಇಂದಿಗೂ ದೇಶದ ಅನೇಕ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ನಾಗಪುರದಲ್ಲಿ ಪಾದ್ರಿ ಎ. ಜೆ. ಮಾಲಿನ್ ಮುಂದೆ ವೆಕ್ಸ್ಲರ್ ಎಂಬ ಇನ್ನೊಂದು ಬುದ್ಧಿಪರೀಕ್ಷೆಯನ್ನು ಭಾರತದ ಮಕ್ಕಳಿಗೆ ಹೊಂದಿಸಿದರು, ಅದೂ ಚಲಾವಣೆಯಲ್ಲಿದೆ.

ಒಂದು ಪರೀಕ್ಷೆಗೆ ಬೆಲೆ ಬರುವುದು ಪ್ರಶ್ನೆಗಳಿಂದಲ್ಲ, ಅದರ ಹಿಂದೆ ನಿಂತ ಆ ಮಕ್ಕಳ ಗುಂಪಿನಿಂದ. ಈಗಿನ ಪದ್ಧತಿಯಲ್ಲಿ ಒಂದು ವಯಸ್ಸಿನ ಮಕ್ಕಳ ಸರಾಸರಿಯನ್ನು 100 ಎಂದು ಇಟ್ಟುಕೊಂಡು ಅಂಕ ಕೊಡುತ್ತಾರೆ. ಮೂರರಲ್ಲಿ ಎರಡು ಪಾಲು ಮಕ್ಕಳು 85 ಮತ್ತು 115ರ ನಡುವೆ ಇರುತ್ತಾರೆ. ಒಳ್ಳೆಯ ಪರೀಕ್ಷೆಯಲ್ಲೂ ಐದಾರು ಅಂಕ ಆಚೀಚೆ ಆಗುವುದು ಸಹಜ. ಮಗು ಜ್ವರದಿಂದ ಎದ್ದು ಬಂದಿರಬಹುದು, ಎದುರು ಕೂತವರಿಗೆ ಹೆದರಿರಬಹುದು. ಆದ್ದರಿಂದ ಕಲಿತ ಮನಶ್ಶಾಸ್ತ್ರಜ್ಞರು 104 ಎಂದು ನಿಲ್ಲಿಸುವುದಿಲ್ಲ, ಇಷ್ಟರಿಂದ ಇಷ್ಟರ ನಡುವೆ ಎನ್ನುತ್ತಾರೆ. ಕಾಲವೂ ಅಂಕವನ್ನು ಕೆಡಿಸುತ್ತದೆ. ತಲೆಮಾರಿನಿಂದ ತಲೆಮಾರಿಗೆ ಮಕ್ಕಳು ಇಂಥ ಪರೀಕ್ಷೆಗಳಲ್ಲಿ ಹೆಚ್ಚು ಹೆಚ್ಚು ಗಳಿಸುತ್ತಿದ್ದಾರೆಂದು ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ತೋರಿಸಿದರು. ಅಮೆರಿಕದಲ್ಲಿ ದಶಕಕ್ಕೆ ಸುಮಾರು ಮೂರು ಅಂಕ. ಅಂದರೆ ಹಳೆಯ ಗುಂಪಿಗೆ ಹೋಲಿಸಿದರೆ ಇಂದಿನ ಮಗು ಇರುವುದಕ್ಕಿಂತ ಜಾಣನಾಗಿ ಕಾಣುತ್ತದೆ. ಬಿಕೆಟಿಯ ಮೇಲಿರುವ ದೂರೂ ಇದೇ, ನ್ಯಾಯವಾದ ದೂರು. ಆದರೆ ಬಿಕೆಟಿಗೆ ಹಳೆಯದಾದರೂ ಒಂದು ಗುಂಪಿದೆ. ಕೇಂದ್ರದ ಕಂಪ್ಯೂಟರ್ ಪರೀಕ್ಷೆ ನಿಮ್ಮ ಮಗುವನ್ನು ಯಾರಿಗೆ ಹೋಲಿಸಿದೆ ಎಂದು ಕೇಳಿದರೆ ಕೌನ್ಸೆಲರ್ ‘ಇಂಟರ್‌ನ್ಯಾಷನಲ್ ಡೇಟಾ’ ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಮುಂಬಯಿ ಕನ್ನಡಿಗರ ಮಗುವಿನ ವಿಷಯದಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚು ತೂಕ. ಅಜ್ಜಿಯ ಹತ್ತಿರ ತುಳು ಇಲ್ಲವೇ ಕನ್ನಡ, ಕಟ್ಟಡದ ಕೆಳಗೆ ಆಡುವಾಗ ಹಿಂದಿ, ಶಾಲೆಯಲ್ಲಿ ಇಂಗ್ಲಿಷು, 2020ರ ಕಾಯ್ದೆಯಿಂದಾಗಿ ಎಲ್ಲ ಶಾಲೆಗಳಲ್ಲೂ ಕಡ್ಡಾಯವಾದ ಮರಾಠಿ. ನಾಲ್ಕು ಭಾಷೆಯ ನಡುವೆ ಓಡಾಡುವ ಮಗುವಿಗೆ ಒಂದೊಂದರಲ್ಲೂ ಇರುವ ಶಬ್ದಸಂಪತ್ತು, ಒಂದೇ ಭಾಷೆಯ ಮಗುವಿಗಿಂತ ಕಡಿಮೆ ಇದ್ದೀತು. ಇಂಗ್ಲಿಷಿನಲ್ಲಿ ಮಾತ್ರ ಕೇಳುವ ಪರೀಕ್ಷೆ ಆ ಕೊರತೆಯನ್ನು ಬುದ್ಧಿಯ ಲೆಕ್ಕಕ್ಕೆ ಬರೆದುಬಿಡುತ್ತದೆ. ‘ಎಣ್ಣೆ ಕೊಪ್ಪರಿಗೆ’ ಎಂದರೆ ಗೊತ್ತಿರುವ ಮಗು ‘ಕಾಲ್ಡ್ರನ್’ ಗೊತ್ತಿಲ್ಲದೆ ಅಂಕ ಕಳೆದುಕೊಳ್ಳುತ್ತದೆ. ಭಾಷೆಯ ಹಂಗಿಲ್ಲದೆ ಚಿತ್ರಗಳಲ್ಲೇ ಕೇಳುವ ರೇವನ್ ಪರೀಕ್ಷೆಯಂಥವು ಇರುವುದು ಇದಕ್ಕೇ. ಮಗು ಯಾವ ಭಾಷೆಯಲ್ಲಿ ಕನಸು ಕಾಣುತ್ತದೆ ಎಂದು ಫಾರ್ಮಿನಲ್ಲಿ ಕೇಳದಿದ್ದರೂ, ಯಾವ ಭಾಷೆಯಲ್ಲಿ ಲೆಕ್ಕ ಮಾಡುತ್ತದೆ ಎಂದಾದರೂ ಕೇಳಬೇಕಾಗಿತ್ತು.

ಈ ಮಕ್ಕಳ ಅಜ್ಜಂದಿರಲ್ಲಿ ಅನೇಕರು ಹೋಟೆಲಿನಲ್ಲಿ ಕಪ್ಪು ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕೂತು ಎಸ್ಸೆಸ್ಸಿ ಮುಗಿಸಿದವರು. ಅವರು ನೋಡಿ ಕಲಿಯುವವರೋ, ಕೇಳಿ ಕಲಿಯುವವರೋ, ಮಾಡಿ ಕಲಿಯುವವರೋ ಎಂದು ಯಾರೂ ಕೇಳಲಿಲ್ಲ. ಮೊಮ್ಮಗನ ರಿಪೋರ್ಟಿನಲ್ಲಿ ಅದಕ್ಕೆ ಎರಡು ಪುಟ ಮೀಸಲು. ಕಲಿಕೆಯ ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಹೆಚ್ಚು ತಲೆಗೆ ಹತ್ತುತ್ತದೆ ಎಂಬುದಕ್ಕೆ ಸರಿಯಾದ ಪುರಾವೆ ಇಲ್ಲವೆಂದು ಹೆರಾಲ್ಡ್ ಪಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ಪರಿಶೀಲಿಸಿ ಹೇಳಿದ್ದಾರೆ. ಆ ಎರಡು ಪುಟ ಮಾತ್ರ ರಿಪೋರ್ಟಿನಿಂದ ಹೋಗಿಲ್ಲ.

ನಿಜವಾಗಿ ಪರೀಕ್ಷೆ ಬೇಕಾದ ಮಕ್ಕಳು ಇದ್ದಾರೆ. ಅವರಿಗಾಗಿ ಈ ಊರಿನಲ್ಲಿ ಲಾಭದ ಲೆಕ್ಕವಿಲ್ಲದ ಸಂಸ್ಥೆಗಳು ಮೊದಲಿಂದಲೂ ಇವೆ. ಈಗಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ 1936ರಲ್ಲಿ ಶುರುವಾಗಿ, ಮರುವರ್ಷವೇ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯ ತೆರೆಯಿತು. ಭಾರತದಲ್ಲಿ ಅಂಥ ಮೊದಲನೆಯದು ಅದೇ. ಓದು, ಬರಹ, ಲೆಕ್ಕದಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇರುವ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿ ಕೊಡಲು ಮಹಾರಾಷ್ಟ್ರ ಸರಕಾರ 1996ರಲ್ಲಿ ಒಪ್ಪಿತು. ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಶನ್ ಮುಂಬಯಿಯಲ್ಲಿ ಹುಟ್ಟಿದ್ದೂ ಅದೇ ವರ್ಷ. 2007ರಲ್ಲಿ ‘ತಾರೇ ಜಮೀನ್ ಪರ್’ ಸಿನಿಮಾ ಬಂದ ಮೇಲೆ ಡಿಸ್ಲೆಕ್ಸಿಯಾ ಎಂಬುದು ಮನೆಮಾತಾಯಿತು. ಮೊದಲು ಸೋಮಾರಿ ಎಂದು ಪೆಟ್ಟು ತಿನ್ನುತ್ತಿದ್ದ ಮಕ್ಕಳಿಗೆ ಅದರಿಂದ ಎಷ್ಟು ಉಪಕಾರವಾಯಿತೋ, ಕೇಂದ್ರಗಳ ಕೌನ್ಸೆಲರುಗಳಿಗೆ ಅಷ್ಟೇ ಸಲೀಸಾದ ಒಂದು ಶಬ್ದವೂ ಸಿಕ್ಕಿತು.

ಸಾಯನ್ನಿನ ಲೋಕಮಾನ್ಯ ತಿಲಕ್ ಆಸ್ಪತ್ರೆಯ ಕಲಿಕಾ ನ್ಯೂನತೆಯ ಕ್ಲಿನಿಕ್ಕಿನಲ್ಲಿ ಪರೀಕ್ಷೆ ಹೇಗೆ ನಡೆಯುತ್ತದೆಂದು ಅಲ್ಲಿನ ವೈದ್ಯರೇ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಮೊದಲು ಕಣ್ಣು ಮತ್ತು ಕಿವಿ. ಕರಿಹಲಗೆ ಕಾಣದ ಮಗುವನ್ನು ದಡ್ಡ ಎಂದವರು ಬಹಳ ಮಂದಿ. ಆಮೇಲೆ ಮಕ್ಕಳ ವೈದ್ಯರ ತಪಾಸಣೆ, ಮನೆಯ ಪರಿಸ್ಥಿತಿಯ ವಿಚಾರಣೆ, ಮನಶ್ಶಾಸ್ತ್ರಜ್ಞರಿಂದ ವೆಕ್ಸ್ಲರ್ ಮಾದರಿಯ ಬುದ್ಧಿಪರೀಕ್ಷೆ, ವಿಶೇಷ ಶಿಕ್ಷಕರಿಂದ ಓದು-ಬರಹ-ಲೆಕ್ಕದ ಪರೀಕ್ಷೆ. ಬುದ್ಧಿ ಸಾಮಾನ್ಯ ಮಟ್ಟದಲ್ಲಿದ್ದು, ಓದುಬರಹ ತನ್ನ ತರಗತಿಗಿಂತ ಎರಡು ವರ್ಷ ಹಿಂದೆ ಇದ್ದರೆ ಮಾತ್ರ ನ್ಯೂನತೆ ಎಂಬ ತೀರ್ಮಾನ. ಒಂದು ಭೇಟಿಯಲ್ಲಿ ಇದು ಮುಗಿಯುವುದಿಲ್ಲ. ಅಪ್ಪ ರಜೆ ಹಾಕಬೇಕು, ಅಮ್ಮ ಮಗುವನ್ನು ಕರೆದುಕೊಂಡು ಮತ್ತೆ ಮತ್ತೆ ಸೆಂಟ್ರಲ್ ಲೈನಿನಲ್ಲಿ ಬರಬೇಕು, ಕೇಸ್‌ಪೇಪರ್ ಹಿಡಿದು ಸಾಲಿನಲ್ಲಿ ಕೂರಬೇಕು. ಮೊದಲ ಮಹಡಿಯ ಕೇಂದ್ರಕ್ಕೆ ಗಿರಾಕಿ ಸಿಗುವುದು ಈ ಸಾಲಿನ ದೆಸೆಯಿಂದಲೇ: ಅಲ್ಲಿ ಏಸಿ ಇದೆ, ಶನಿವಾರ ಸಂಜೆ ಅಪಾಯಿಂಟ್‌ಮೆಂಟ್ ಇದೆ.

ಸಾಲಿನ ಕೊನೆಗೆ ಸಿಗುವ ಸರ್ಟಿಫಿಕೇಟಿಗೆ ಮಾತ್ರ ಬೆಲೆ ಇದೆ. ಎಸ್ಸೆಸ್ಸಿಯಲ್ಲಿ ಹೆಚ್ಚು ಸಮಯ, ಕಾಗುಣಿತದ ತಪ್ಪಿಗೆ ವಿನಾಯಿತಿ, ಬೀಜಗಣಿತ-ರೇಖಾಗಣಿತದ ಬದಲು ಏಳನೇ ತರಗತಿಯ ಗಣಿತ, ಒಂದು ಭಾಷೆಯ ಬದಲು ಬೇರೆ ವಿಷಯ ಇಂಥ ಅನುಕೂಲಗಳು ಅದರಿಂದ ದಕ್ಕುತ್ತವೆ. ಮೂರು ಭಾಷೆಯ ಹೊರೆ ಹೊತ್ತ ಮಗುವಿಗೆ ಕೊನೆಯದೇ ದೊಡ್ಡ ಉಪಕಾರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ನ್ಯೂನತೆಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಕೇಂದ್ರದ ನಲವತ್ತು ಪುಟವನ್ನು ಬೋರ್ಡಿಗೆ ಕೊಟ್ಟರೆ ಐದು ನಿಮಿಷವೂ ಹೆಚ್ಚು ಸಿಗುವುದಿಲ್ಲ. ಆಸ್ಪತ್ರೆಯ ಪರೀಕ್ಷೆ ಒಳ್ಳೆಯದಾಗಿರುವುದಕ್ಕೆ ಅಲ್ಲಿನವರ ಕಲಿಕೆ ಒಂದು ಕಾರಣ. ಮಗುವಿಗೆ ಏನೂ ತೊಂದರೆಯಿಲ್ಲ ಎಂದು ಕಳಿಸಿಕೊಟ್ಟರೆ ಅವರಿಗೆ ನಷ್ಟವಿಲ್ಲ ಎಂಬುದು ಇನ್ನೊಂದು. ಕೇಂದ್ರದವರು ಆ ಮಾತು ಹೇಳಿದ ದಿನ ಬಾಡಿಗೆ ಹುಟ್ಟುವುದಿಲ್ಲ.

ಪ್ಯಾಕೇಜು ಮುಗಿದಾಗ ಕೇಂದ್ರದವರು ಮತ್ತೊಮ್ಮೆ ಪರೀಕ್ಷೆ ಮಾಡುತ್ತಾರೆ. ಅಂಕ ಏರಿರುತ್ತದೆ, ಏರದಿರುವುದು ಕಷ್ಟ. ಮಗು ಆರು ತಿಂಗಳು ದೊಡ್ಡದಾಗಿದೆ. ಅದೇ ಬಗೆಯ ಆಟಗಳನ್ನು ತಿಂಗಳುಗಟ್ಟಲೆ ಆಡಿದೆ, ಪರೀಕ್ಷೆಯಲ್ಲೂ ಅವೇ ಆಟಗಳು. ಮೊದಲ ದಿನದ ಅಂಜಿಕೆ ಹೋಗಿದೆ. ಒಂದು ದಿನ ತೀರಾ ಕಡಿಮೆ ಗಳಿಸಿದ ಮಗು ಇನ್ನೊಂದು ದಿನ ಏನೂ ಮಾಡದೆಯೇ ಸರಾಸರಿಯ ಹತ್ತಿರ ಬರುತ್ತದೆ ಎಂಬ ಅಂಕಿಅಂಶದ ನಿಯಮವೂ ಜೊತೆಗಿದೆ. ತರಬೇತಿಯಿಂದ ಆದದ್ದೆಷ್ಟು, ತಾನಾಗಿ ಆದದ್ದೆಷ್ಟು ಎಂದು ತಿಳಿಯಬೇಕಾದರೆ ತರಬೇತಿ ಪಡೆಯದ ಮಕ್ಕಳ ಗುಂಪೊಂದನ್ನು ಪಕ್ಕದಲ್ಲಿಟ್ಟು ನೋಡಬೇಕು. ಹಾಗೆ ನೋಡಿದ ಒಂದು ಅಧ್ಯಯನ ಗುಜರಾತಿನ ವಡೋದರದಲ್ಲೇ ನಡೆದಿದೆ. ಡೇವಿಡ್ ಬಾರ್ನರ್ ಮತ್ತು ಸಂಗಡಿಗರು ಒಂದು ಶಾಲೆಯ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಮೂರು ವರ್ಷ ಅಬಾಕಸ್ ಕಲಿಸಿ ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿದರು. ಅಬಾಕಸ್ ಕಲಿತವರ ಕೂಡು-ಕಳೆ ಲೆಕ್ಕ ಚುರುಕಾಗಿತ್ತು. ನೆನಪು, ಗಮನ ಮುಂತಾದ ಮೂಲಶಕ್ತಿಗಳಲ್ಲಿ ಹೇಳಿಕೊಳ್ಳುವ ಬದಲಾವಣೆ ಇರಲಿಲ್ಲ. ಮಣಿಗಳಿಂದ ಲೆಕ್ಕ ಬಂದರೆ ಅದೇ ಸಾಕಷ್ಟು ಒಳ್ಳೆಯದು. ಬೋರ್ಡಿನಲ್ಲಿ ‘ಸಂಪೂರ್ಣ ಮೆದುಳಿನ ವಿಕಾಸ’ ಎಂದು ಬರೆಯುವ ಅಗತ್ಯವಿರಲಿಲ್ಲ.

ಅಮೆರಿಕದಲ್ಲಿ ಇಂಥ ಬೋರ್ಡುಗಳ ಮೇಲೆ ಸರಕಾರದ ಕಣ್ಣು ಬಿದ್ದದ್ದೂ 2016ರಲ್ಲೇ. ಮೆದುಳಿನ ಆಟಗಳನ್ನು ಮಾರುವ ಲುಮೋಸಿಟಿ ಅಲ್ಲಿನ ವ್ಯಾಪಾರ ಆಯೋಗಕ್ಕೆ ಇಪ್ಪತ್ತು ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಮಕ್ಕಳ ಬುದ್ಧಿಶಕ್ತಿಯನ್ನು ಪರೀಕ್ಷಿಸಿ ತರಬೇತಿ ಕೊಡುವ ಲರ್ನಿಂಗ್‌ಆರ್‌ಎಕ್ಸ್ ಎಂಬ ಕೇಂದ್ರಗಳ ಸರಪಳಿ ಎರಡು ಲಕ್ಷ ಡಾಲರ್ ಕಟ್ಟಿ, ಪುರಾವೆಯಿಲ್ಲದ ಮಾತುಗಳನ್ನು ಜಾಹೀರಾತಿನಲ್ಲಿ ಹೇಳುವುದಿಲ್ಲವೆಂದು ಒಪ್ಪಿತು. ಭಾರತದಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಜನವರಿ 2024ರಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿ, ಹದಿನಾರಕ್ಕಿಂತ ಚಿಕ್ಕವರನ್ನು ಸೇರಿಸಬಾರದು, ದಾರಿ ತಪ್ಪಿಸುವ ಭರವಸೆ ಕೊಡಬಾರದು ಎಂದಿತು. ಅದೇ ವರ್ಷ ನವೆಂಬರಿನಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ಕೋಚಿಂಗ್ ಜಾಹೀರಾತಿಗೆ ನಿಯಮ ಮಾಡಿತು. ಬೆರಳಚ್ಚಿನ ಅಂಗಡಿ ತನ್ನನ್ನು ಕೋಚಿಂಗ್ ಎಂದು ಕರೆದುಕೊಂಡರೆ ತಾನೆ ಇವೆಲ್ಲ ತಗಲುವುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಕಲಮು ಶಾಲೆಗಳು ಪ್ರವೇಶಕ್ಕೆ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷಿಸಕೂಡದೆಂದು ನಿಷೇಧಿಸಿದೆ; ಹೀಗಾಗಿ ‘ಅಡ್ಮಿಶನ್ನಿಗೆ ಉಪಯೋಗವಾಗುತ್ತದೆ’ ಎಂದು ಈ ರಿಪೋರ್ಟನ್ನು ಮಾರುವವರ ಮಾತಿಗೂ ಆಧಾರವಿಲ್ಲ.

ಪರೀಕ್ಷೆ ಮಾಡಿಸಲೇಬೇಕೆಂದಿರುವವರು ದುಡ್ಡು ಕೊಡುವ ಮೊದಲು ಕೇಳಬೇಕಾದದ್ದು ಹೆಚ್ಚಿಲ್ಲ. ಪರೀಕ್ಷೆಯ ಹೆಸರೇನು, ಯಾವ ವರ್ಷ ಯಾವ ಮಕ್ಕಳ ಮೇಲೆ ಅದನ್ನು ಮಾನಕ ಮಾಡಿದ್ದು, ಯಾವ ಭಾಷೆಯಲ್ಲಿ ಕೇಳುತ್ತೀರಿ, ಕೇಳುವವರು ಯಾರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಪರಿಷತ್ತಿನ ಪಟ್ಟಿಯಲ್ಲಿ ಅದನ್ನು ನೋಡಿಕೊಳ್ಳಬಹುದು. ಫ್ರಾಂಚೈಸಿಯ ಮೂರು ದಿನದ ಟ್ರೇನಿಂಗಿನ ಸರ್ಟಿಫಿಕೇಟು, ಎಷ್ಟೇ ದೊಡ್ಡ ಫ್ರೇಮಿನಲ್ಲಿ ತೂಗಿದ್ದರೂ, ಅದಕ್ಕೆ ಬದಲಿಯಲ್ಲ. ಬೆರಳು ಒತ್ತಿಸಿಯಾಗಿದ್ದರೆ ಇನ್ನೊಂದು ಕೆಲಸ ಉಳಿದಿದೆ. ಪಾಸ್‌ವರ್ಡನ್ನು ಬದಲಿಸಬಹುದು, ಬೆರಳಚ್ಚನ್ನು ಬದಲಿಸಲಾಗದು. ಅದು ಯಾವುದೋ ಫ್ರಾಂಚೈಸಿಯ ಸರ್ವರಿನಲ್ಲಿ ಮಗು ದೊಡ್ಡದಾದ ಮೇಲೂ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರ ಮಾಹಿತಿಗೆ ತಂದೆತಾಯಿಯ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆಂದೂ, ಕೊಟ್ಟ ಮಾಹಿತಿಯನ್ನು ಅಳಿಸಿಹಾಕುವಂತೆ ಕೇಳುವ ಹಕ್ಕಿದೆಯೆಂದೂ ಹೇಳುತ್ತದೆ. ಅಳಿಸಿದ್ದಕ್ಕೆ ಬರಹದಲ್ಲಿ ಉತ್ತರ ತೆಗೆದುಕೊಳ್ಳುವುದು, ಕೇಂದ್ರ ಬಾಗಿಲು ಮುಚ್ಚಿ ಆ ಜಾಗಕ್ಕೆ ಬ್ಯೂಟಿ ಪಾರ್ಲರ್ ಬರುವುದಕ್ಕೆ ಮೊದಲೇ ಆದರೆ ಒಳ್ಳೆಯದು.